ವೆಂಡೆಲ್ ಪೋಕೆ ತಂದ ಶನಿವಾರ

"ಈ ಸಲ ಪೋಕೆ ನಂದು! ಬರೆದಿಟ್ಕೋ!"

ಸಮುದ್ರದ ನಡುವಿನ ದ್ವೀಪವೊಂದರ ಹಿಲೋ ಪಟ್ಟಣದ ನಿವೃತ್ತ ಅಂಚೆಯವನು ವೆಂಡೆಲ್ ಪಾಸ್ಕುವಾ ಊಟದ ಮೇಜು ಗುದ್ದಿ ಹೀಗೆ ಘೋಷಿಸಿದಾಗ ಬೆಚ್ಚಿಬಿದ್ದಿದ್ದು ಸೋಯಾ ಸಾಸ್ ಬಾಟಲಿ ಒಂದೇ. ಬಟ್ಟೆ ಮಡಚುತ್ತಿದ್ದ ಹೆಂಡತಿ ಮೋಮಿ ತಲೆ ಕೂಡ ಎತ್ತಲಿಲ್ಲ.

"ಬರೆದಿಟ್ಕೊಂಡೆ. ಮಂಜುಗಡ್ಡೆ ಎರಡು ಮೂಟೆ, ಕಾಗದದ ತಟ್ಟೆ ನೂರು. ಶನಿವಾರ ಬೆಳಿಗ್ಗೆನೇ ತಂದುಬಿಡು."

"ಮಂಜುಗಡ್ಡೆ ಅಲ್ಲ ಕಣೆ, ಪೋಕೆ! ಪೋಕೆ!"

"ಜ್ವರ ಗಿರ ಬಂದಿದೆಯಾ?"

ಜ್ವರ ಅಲ್ಲ ಸ್ವಾಮಿ, ಮೂವತ್ತೊಂದು ವರ್ಷದ ಅವಮಾನ! ಮೋಮಿಯ ತವರಿನವರು ಸೇರಿದರೆ ಒಬ್ಬೊಬ್ಬರು ಒಂದೊಂದು ಪದಾರ್ಥ ತರಬೇಕು. ಯಾರು ಏನು ತರಬೇಕು ಅನ್ನೋದನ್ನ ತೀರ್ಮಾನ ಮಾಡೋದು ಮೋಮಿಯ ತಾಯಿ. ಓಣಿಗೆ ಓಣಿಯೇ ಆಕೆಯನ್ನ ಟೂಟೂ, ಅಂದರೆ ಅಜ್ಜಿ, ಅಂತ ಕರೆಯುತ್ತೆ. ಆ ಪಟ್ಟಿ ಇದೆಯಲ್ಲ, ಅದು ಸರ್ಕಾರಿ ಕಚೇರಿಯ ಹುದ್ದೆಗಳಿದ್ದ ಹಾಗೆ. ಎಲ್ಲಕ್ಕಿಂತ ಮೇಲೆ ಪೋಕೆ, ಅಂದರೆ ಸಾಸಿನಲ್ಲಿ ಕಲಸಿದ ಹಸಿ ಮೀನಿನ ತುಂಡುಗಳು. ಅದರ ಕೆಳಗೆ ನೆಲದ ಕುಳಿಯಲ್ಲಿ ಹೂತು ಬೇಯಿಸಿದ ಹಂದಿ, ಆಮೇಲೆ ನೂಡಲ್ಸು, ಆಮೇಲೆ ತೆಂಗಿನ ಹಾಲಿನ ಸಿಹಿ. ಕಟ್ಟಕಡೆಗೆ, ಜವಾನನ ಸ್ಟೂಲಿಗಿಂತಲೂ ಕೆಳಗೆ, ಮಂಜುಗಡ್ಡೆ ಮತ್ತು ಕಾಗದದ ತಟ್ಟೆ. ಕೈಗೆ ಅಡುಗೆ ಕೊಟ್ಟರೆ ಕೆಡಿಸುತ್ತಾನೆ ಅಂತ ಗೊತ್ತಿರುವವನಿಗೆ ಮಾತ್ರ ಆ ಹುದ್ದೆ.

ವೆಂಡೆಲ್ ಆ ಹುದ್ದೆಗೆ ಸೇರಿದ್ದು ಮದುವೆಯಾದ ಎರಡನೇ ತಿಂಗಳು. ಹೊಸ ಅಳಿಯನ ಉತ್ಸಾಹದಲ್ಲಿ ಅವನು ತಂದಿದ್ದ ಮೆಕರೋನಿ ಸಲಾಡು ಕಾರಿನ ಹಿಂದಿನ ಸೀಟಿನಲ್ಲಿ ಬಿಸಿಲು ಕಾಯಿಸಿಕೊಂಡು, ಸಂಜೆಯೊಳಗೆ ಹದಿನಾಲ್ಕು ಜನರನ್ನ ಕಕ್ಕಸಿನ ಮುಂದೆ ಸಾಲಾಗಿ ನಿಲ್ಲಿಸಿತ್ತು. ಅವತ್ತಿಂದ ಇವತ್ತಿನವರೆಗೆ ಮಂಜುಗಡ್ಡೆ. ಅವನಾದ ಮೇಲೆ ಮದುವೆಯಾಗಿ ಬಂದ ಅಳಿಯಂದಿರೆಲ್ಲ ನೂಡಲ್ಸು ದಾಟಿ ಹಂದಿಯವರೆಗೂ ಬಡ್ತಿ ಪಡೆದರು. ವೆಂಡೆಲ್ ಮಾತ್ರ ಅಲ್ಲೇ ಹೆಪ್ಪುಗಟ್ಟಿ ಕೂತ!

ಈಗ ಬರುವ ಶನಿವಾರ ಟೂಟೂಗೆ ಎಂಬತ್ತು ತುಂಬುತ್ತಿತ್ತು. ಟೂಟೂ ಇರುವುದು ವೆಂಡೆಲ್ ಮನೆಯಲ್ಲೇ, ಆದ್ದರಿಂದ ಔತಣವೂ ಅವನ ಗ್ಯಾರೇಜಿನಲ್ಲೇ. ತನ್ನ ಗ್ಯಾರೇಜು, ತನ್ನ ಮೇಜು, ತನ್ನ ಫ್ಯಾನು. ಪೋಕೆ ಮಾತ್ರ ಭಾವ ಕವಿಕಾನದ್ದು! ಅದೇ ಅವನಿಗೆ ತಡೆಯಲಾಗಲಿಲ್ಲ.

ಕವಿಕಾ ಅಂದರೆ ಮೋಮಿಯ ಅಣ್ಣ. ಬಾಗಿಲಲ್ಲಿ ಅಡ್ಡಡ್ಡ ನುಗ್ಗಬೇಕಾದ ಆಳು, ಪೊದೆಯಂಥ ಮೀಸೆ. ಮೀನುಗಾರರ ಮನೆತನದ ಹಿರಿಮಗ. ಪ್ರತಿ ಔತಣಕ್ಕೂ ಅಪ್ಪನ ಕಾಲದ ನೀಲಿ ಎನಾಮಲ್ ಬೋಗುಣಿಯ ತುಂಬ ಆಹಿ ಅನ್ನೋ ಟ್ಯೂನಾ ಮೀನಿನ ಪೋಕೆ ಹೊತ್ತು, ಸಮುದ್ರವನ್ನೇ ಗೆದ್ದು ಬಂದವನ ಹಾಗೆ ಗ್ಯಾರೇಜಿನೊಳಗೆ ಕಾಲಿಡುತ್ತಿದ್ದ. ಕೆಂಪಗೆ ಹೊಳೆಯುವ ಹಸಿ ಮೀನಿನ ತುಂಡುಗಳು, ಎಳ್ಳೆಣ್ಣೆ, ಈರುಳ್ಳಿ, ಸಮುದ್ರಪಾಚಿ. ಜನ "ಆಹಾ" ಅನ್ನುತ್ತಿದ್ದರು. ಅವರ ಹಿಂದೆ ವೆಂಡೆಲ್ ತಟ್ಟೆ ಹಂಚುತ್ತಿದ್ದ.

ಅವತ್ತೇ ವೆಂಡೆಲ್ ಫೋನ್ ಮಾಡಿದ.

"ಭಾವ, ಈ ಸಲ ಪೋಕೆ ನಾನು ತರ್ತೀನಿ."

ಆ ಕಡೆ ಒಂದು ನಿಮಿಷ ನಗು. ಆಮೇಲೆ, "ಎಲ್ಲಿಂದ ತರ್ತೀಯಪ್ಪ? ಅಂಚೆಪೆಟ್ಟಿಗೆಯಿಂದ್ಲಾ?"

"ಸೂಪರ್ ಮಾರ್ಕೆಟ್‌ನ ಮೀನಿನ ಕೌಂಟರಿಂದ."

"ಅಂಗಡಿ ಪೋಕೆ! ಅಮ್ಮನ ಎಂಬತ್ತಕ್ಕೆ ಅಂಗಡಿ ಪೋಕೆ! ನೋಡು ವೆಂಡೆಲ್, ಮೀನು ಅಂದ್ರೆ ಗಾಳದ ತುದೀಲಿ ನಿನ್ನ ಕಣ್ಣಿಗೆ ಕಣ್ಣಿಟ್ಟು ನೋಡ್ಬೇಕು. ಗಾಜಿನ ಪೆಟ್ಟಿಗೇಲಿ ಮಲಗಿರೋದನ್ನ ನಾವು ಹೆಣ ಅಂತೀವಿ!"

ಪಕ್ಕದಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದ ಟೂಟೂ ಫೋನನ್ನೇ ಕಿತ್ತುಕೊಂಡಳು. "ಇಬ್ರೂ ಬಾಯ್ಮುಚ್ಚಿ! ಇಬ್ರೂ ತನ್ನಿ. ನನ್ನ ನಾಲಿಗೆ ಹೇಳುತ್ತೆ ಯಾರದು ಅಂತ. ಗೆದ್ದವನಿಗೆ ಪೋಕೆ, ನಾನು ಬದುಕಿರೋವರೆಗೂ. ಸೋತವನಿಗೆ ಮಂಜುಗಡ್ಡೆ, ಅವನು ಬದುಕಿರೋವರೆಗೂ!"

ಅಲ್ಲಿಗೆ ತೀರಿತು. ಮಾರನೇ ದಿನದಿಂದಲೇ ವೆಂಡೆಲ್‌ನ ದಂಡಯಾತ್ರೆ ಶುರುವಾಯಿತು.

ಹಿಲೋದಲ್ಲಿ ಪೋಕೆ ಮಾರುವ ಅಂಗಡಿ ಐದು. ವೆಂಡೆಲ್ ಅಂಚೆ ಹಂಚಿದವನಲ್ಲವೇ, ಐದಕ್ಕೂ ಬೀಟ್ ಹಾಕಿಕೊಂಡ. ಕೈಯಲ್ಲಿ ನೋಟ್‌ಬುಕ್ಕು, ಕಿವಿಯಲ್ಲಿ ಪೆನ್ಸಿಲ್ಲು. ಗಾಜಿನ ಹಿಂದೆ ಸಾಲಾಗಿ ಟ್ರೇಗಳು: ಸೋಯಾ ಸಾಸಿನದು, ಪಾಚಿಯದು, ಖಾರದ್ದು, ಆಕ್ಟೋಪಸ್ಸಿನದು. ಕೇಳಿದರೆ ಸಣ್ಣ ಚಮಚದಲ್ಲಿ ಒಂದು ತುಂಡು ರುಚಿಗೆ ಕೊಡುತ್ತಾರೆ. ಕೇಳುವುದಕ್ಕೆ ವೆಂಡೆಲ್‌ಗೆ ಯಾವ ಸಂಕೋಚವೂ ಇರಲಿಲ್ಲ. ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ, ಮೂಗಿನಿಂದ ಉಸಿರು ಬಿಟ್ಟು, "ಉಪ್ಪು ಮುಂದಿದೆ, ಎಳ್ಳೆಣ್ಣೆ ಹಿಂದಿದೆ" ಅಂತ ಏನೇನೋ ಗೀಚಿಕೊಳ್ಳುತ್ತಿದ್ದ. ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮುತ್ತಿದ್ದರು.

ಗುರುವಾರದ ಹೊತ್ತಿಗೆ ಮೂರು ಅಂಗಡಿಗಳಲ್ಲಿ ಅವನ ಟೋಪಿ ಕಂಡರೆ ಸಾಕು, ಚಮಚದ ಡಬ್ಬಿ ಕೌಂಟರಿನ ಕೆಳಗೆ ಮಾಯವಾಗುತ್ತಿತ್ತು. ನಾಲ್ಕನೇ ಅಂಗಡಿಯ ಡೋರೀನ್ ಮಾತ್ರ ಬಚ್ಚಿಡುವ ಪೈಕಿ ಅಲ್ಲ. ನೇರಾನೇರ ಕೇಳಿಬಿಟ್ಟಳು.

"ಅಂಕಲ್, ಒಂದು ಮಾತು. ನೀವು ರುಚಿ ನೋಡ್ತಾ ಇದೀರೋ, ಊಟ ಮಾಡ್ತಾ ಇದೀರೋ?"

"ಪರೀಕ್ಷೆ ಮಾಡ್ತಾ ಇದೀನಮ್ಮ. ಗಂಭೀರವಾದ ವಿಷಯ."

"ಹಂಗಾದ್ರೆ ಅನ್ನ ತಂದ್ಕೊಡ್ಲಾ? ಪರೀಕ್ಷೆ ಹೊಟ್ಟೆತುಂಬ ಆಗುತ್ತೆ."

ಬೈಗುಳ ನುಂಗಬಹುದಿತ್ತು. ಯಾಕೆಂದರೆ ಅವಳ ಪೋಕೆ, ಅಯ್ಯೋ, ಅದರ ಮಾತೇ ಬೇರೆ! ತುಂಡು ಬಾಯಿಗೆ ಹೋದರೆ ಕರಗುತ್ತೋ ಕಚ್ಚುತ್ತೇವೋ ಗೊತ್ತಾಗದು. ಹುರಿದ ಕುಕುಯಿ ಅನ್ನೋ ಎಣ್ಣೆಬೀಜದ ಪುಡಿ ಕೊನೆಗೆ ಸಣ್ಣಗೆ ನಾಲಿಗೆ ಮೇಲೆ ಉಳಿಯೋದು. ವೆಂಡೆಲ್ ನೋಟ್‌ಬುಕ್ಕಿನಲ್ಲಿ ಐದು ನಕ್ಷತ್ರ ಹಾಕಿ, ಸಾಲದೆಂದು ಆರನೆಯದೂ ಹಾಕಿದ.

ಇತ್ತ ಮನೆಯಲ್ಲಿ ದಿನಾ ರಾತ್ರಿ ಊಟಕ್ಕೆ ಅದೇ. ಬಿಸಿ ಅನ್ನದ ಮೇಲೆ ಹಸಿ ಮೀನು. ಸೋಮವಾರ ಖಾರದ್ದು, ಮಂಗಳವಾರ ಪಾಚಿಯದು, ಬುಧವಾರ ಮತ್ತೊಂದು ಅಂಗಡಿಯ ಖಾರದ್ದು.

"ವೆಂಡೆಲ್," ಅಂದಳು ಮೋಮಿ ಬುಧವಾರ, ಬೌಲನ್ನು ದಿಟ್ಟಿಸುತ್ತ, "ಇನ್ನೆರಡು ದಿನ ಹಿಂಗೇ ಆದ್ರೆ ನನಗೆ ಕಿವಿರು ಬರುತ್ತೆ."

"ಸಹಿಸ್ಕೋ. ಇತಿಹಾಸ ಬರೀತಾ ಇದೀನಿ."

"ಇತಿಹಾಸ ಬರಿ, ಬೇಡ ಅನ್ನಲ್ಲ. ನನಗೆ ಒಂದು ಮೊಟ್ಟೆ ಬೇಯ್ಸಿ ಕೊಡು."

ಉಳಿದದ್ದೆಲ್ಲ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಫ್ರಿಜ್ಜು ಸೇರುತ್ತಿತ್ತು. ಹಸಿ ಮೀನು ಮಾರನೇ ದಿನಕ್ಕೆ ಹಸಿಯಾಗಿ ತಿನ್ನಲು ಬರುವುದಿಲ್ಲ. ಅದಕ್ಕೆ ಅಲ್ಲಿ ಎಲ್ಲರ ಮನೆಯಲ್ಲೂ ಒಂದೇ ದಾರಿ: ಬೆಳಿಗ್ಗೆ ಬಾಣಲೆಗೆ ಹಾಕಿ ಹುರಿದು, ಮೇಲೆ ಮೊಟ್ಟೆ ಒಡೆದು, ಅನ್ನದ ಜೊತೆ ತಿಂದುಬಿಡೋದು. ಆ ಕೆಲಸ ಟೂಟೂದು. ವಾರವಿಡೀ ಬೆಳಗಿನ ಆರಕ್ಕೆ ಎದ್ದು ಆಕೆ ಡಬ್ಬಿ ಡಬ್ಬಿ ಖಾಲಿ ಮಾಡಿ ಹುರಿದಳು. ಒಂದು ಚೂರೂ ದಂಡವಾಗಬಾರದು ಅನ್ನೋ ಹೆಂಗಸು ಆಕೆ. ಟೂತ್‌ಪೇಸ್ಟ್ ಟ್ಯೂಬನ್ನ ಕತ್ತರಿಯಿಂದ ಸೀಳಿ ಉಜ್ಜುವವಳು.

ಶುಕ್ರವಾರ ಸಂಜೆ ವೆಂಡೆಲ್ ಡೋರೀನ್ ಹತ್ತಿರ ಹೋಗಿ ಎಂಟು ಪೌಂಡು ಪೋಕೆ ತಂದ.

"ನಾಳೆ ಬೆಳಿಗ್ಗೆ ಬನ್ನಿ ಅಂಕಲ್, ಆಗ್ಲೇ ಕಲಸಿದ್ದು ಕೊಡ್ತೀನಿ," ಅಂದಳು ಡೋರೀನ್.

"ಬೇಡಮ್ಮ, ರಾತ್ರಿಯೆಲ್ಲ ಊರಿದ್ರೆ ಸಾಸು ಒಳಗೆ ಇಳಿಯುತ್ತೆ. ಇದೆಲ್ಲ ಅಧ್ಯಯನ ಮಾಡಿದೀನಿ."

"ಅಧ್ಯಯನ!" ಅಂದು ಡೋರೀನ್ ಎಂಟು ಡಬ್ಬಿ ಕಟ್ಟಿ ಕೊಟ್ಟಳು. ವೆಂಡೆಲ್ ಅವನ್ನು ತಂದು ಫ್ರಿಜ್ಜಿನ ನಡುವಿನ ಹಲಗೆಯ ಮೇಲೆ, ವಾರವಿಡೀ ಉಳಿದ ಪೋಕೆ ಇಡುತ್ತಿದ್ದ ಜಾಗದಲ್ಲೇ, ಒಂದರ ಮೇಲೊಂದು ಪೇರಿಸಿಟ್ಟು, ದೇವರಿಗೆ ಮಾಡುವಂತೆ ಅದಕ್ಕೆ ಒಂದು ನಮಸ್ಕಾರ ಹಾಕಿ ಮಲಗಿದ. ಕನಸಿನಲ್ಲಿ ಕವಿಕಾ ಮಂಜುಗಡ್ಡೆ ಮೂಟೆ ಹೊರುತ್ತಿದ್ದ. ಎಂಥಾ ಸೊಗಸಾದ ನಿದ್ದೆ!

ಬೆಳಿಗ್ಗೆ ಎಚ್ಚರವಾದದ್ದು ಚರ್ ಚರ್ ಸದ್ದಿಗೆ. ಎಳ್ಳೆಣ್ಣೆಯ ಘಮ. ಒಳ್ಳೇ ವಾಸನೆ ಅಂತ ಹಾಸಿಗೆಯಲ್ಲೇ ಒಮ್ಮೆ ಉಸಿರೆಳೆದುಕೊಂಡ. ಎರಡನೇ ಸಲ ಎಳೆದುಕೊಳ್ಳುವಾಗ ದಡಕ್ಕನೆ ಎದ್ದು ಕೂತ. ನಿನ್ನೆ ರಾತ್ರಿ ಯಾರೂ ಪೋಕೆ ತಿಂದಿರಲಿಲ್ಲ. ಉಳಿದದ್ದು ಇರಲೇ ಇಲ್ಲ!

ಚಡ್ಡಿಯಲ್ಲೇ ಅಡುಗೆಮನೆಗೆ ಓಡಿದ. ಟೂಟೂ ಹುಟ್ಟುಹಬ್ಬದ ಹೂವಿನ ಗೌನು ತೊಟ್ಟು, ಕೂದಲಲ್ಲಿ ಹೂ ಸಿಕ್ಕಿಸಿಕೊಂಡು, ಮನೆಯಲ್ಲಿದ್ದ ಮೂರೂ ಬಾಣಲೆ ಒಲೆ ಮೇಲಿಟ್ಟು ನಿಂತಿದ್ದಳು. ಸಿಂಕಿನಲ್ಲಿ ಎಂಟು ಖಾಲಿ ಡಬ್ಬಿ, ತೊಳೆದು ಬೋರಲು ಹಾಕಿದ್ದು.

"ಟೂಟೂ..." ಅಂದ ವೆಂಡೆಲ್.

"ಎದ್ಯಾ? ಬಾ, ಕೂತ್ಕೋ. ಈ ವಾರ ನೀನು ತಂದು ಉಳಿಸೋದು ಜಾಸ್ತಿ ಆಯ್ತಪ್ಪ. ಇವತ್ತಂತೂ ರಾಶಿ! ಒಂಚೂರೂ ಬಿಡದೆ ಎಲ್ಲಾ ಹುರಿದುಬಿಟ್ಟೆ."

"ಎಲ್ಲಾ?"

"ಎಲ್ಲಾ! ಜನ ಬರ್ತಾರೆ, ಫ್ರಿಜ್ಜಲ್ಲಿ ಜಾಗ ಬೇಡ್ವಾ?"

ಎಂಬತ್ತು ತುಂಬಿದ ದಿನ ಅತ್ತೆಯನ್ನ ಯಾರು ಬೈತಾರೆ ಹೇಳಿ! ವೆಂಡೆಲ್ ಕೂತ. ಆಕೆ ಬಡಿಸಿದಳು. ಹೇಗಿದೆ ಅಂತ ಕೇಳಿದಳು. "ಚೆನ್ನಾಗಿದೆ ಟೂಟೂ, ಹುಟ್ಟುಹಬ್ಬದ ಶುಭಾಶಯ," ಅಂತ ಹೇಳುವಾಗ ಅವನ ಕಣ್ಣಲ್ಲಿ ನೀರು. "ಈರುಳ್ಳಿ ಖಾರ," ಅಂದುಕೊಂಡಳು ಆಕೆ. ಬಾಗಿಲಲ್ಲಿ ನಿಂತು ಬೋರಲು ಹಾಕಿದ ಡಬ್ಬಿ ಎಣಿಸಿದ ಮೋಮಿಗೆ ಎಲ್ಲ ಅರ್ಥವಾಯಿತು. ಅವಳು ಗೋಡೆ ಕಡೆ ತಿರುಗಿ ನಿಂತಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂತ ವೆಂಡೆಲ್ ಅಂದುಕೊಂಡರೆ ಅದು ಅವನ ಭ್ರಮೆ.

"ನಗಬೇಡ ಕಣೆ! ಊಟ ಹನ್ನೆರಡಕ್ಕೆ!"

"ಓಡು ಮತ್ತೆ! ನನ್ನ ಮುಖ ಏನ್ ನೋಡ್ತೀಯಾ? ಮೊದ್ಲು ಪ್ಯಾಂಟು ಹಾಕ್ಕೋ!"

ಓಡಿದ. ಆದರೆ ಮೇ ತಿಂಗಳ ಶನಿವಾರ, ಊರಲ್ಲಿ ಶಾಲೆ ಮುಗಿಸಿದ ಮಕ್ಕಳ ಪಾರ್ಟಿ ಮನೆಗೊಂದು. ಮೊದಲನೇ ಅಂಗಡಿಯ ಟ್ರೇಗಳು ತೊಳೆದಿಟ್ಟ ಹಾಗಿದ್ದವು. ಎರಡನೆಯದರಲ್ಲಿ ಆಕ್ಟೋಪಸ್ಸಿನ ಒಂದು ಕಾಲು ಅನಾಥವಾಗಿ ಬಿದ್ದಿತ್ತು. ಮೂರನೆಯವನು, "ಇದೆ ಅಂಕಲ್!" ಅಂದು ತೋಫುವಿನ, ಅಂದರೆ ಸೋಯಾ ಪನೀರಿನ, ಪೋಕೆ ತೋರಿಸಿದ. ಮೀನುಗಾರರ ಮನೆಗೆ ತೋಫು ಒಯ್ಯುವುದಕ್ಕಿಂತ ವೆಂಡೆಲ್ ತಾನೇ ಸಮುದ್ರಕ್ಕೆ ಹಾರುವುದು ವಾಸಿ ಅಂದುಕೊಂಡ.

ಐದನೆಯದೂ ಖಾಲಿ ಅಂತ ನೋಡಿಕೊಂಡು, ಹತ್ತೂವರೆಗೆ ಡೋರೀನ್ ಮುಂದೆ ನಿಂತು ಏದುಸಿರು ಬಿಟ್ಟ.

"ನಿನ್ನೆ ಕೊಟ್ಟೆನಲ್ಲ ಅಂಕಲ್, ಎಂಟು ಪೌಂಡು! ಅದನ್ನೂ ಪರೀಕ್ಷೆ ಮಾಡಿಬಿಟ್ರಾ?"

"ನಮ್ಮತ್ತೆ ಹುರಿದುಬಿಟ್ಳು."

ಡೋರೀನ್ ಚಮಚ ಕೆಳಗಿಟ್ಟು ಎದೆ ಮೇಲೆ ಕೈಯಿಟ್ಟುಕೊಂಡಳು. "ಎಂಟೂ?"

"ಎಂಟೂ."

"ಅಯ್ಯೋ ಪಾಪವೇ!" ನಿಜವಾಗಿ ಮರುಗಿದಳು. "ಆದ್ರೆ ಏನೂ ಉಳಿದಿಲ್ಲ ಅಂಕಲ್. ಇಗೋ ಈ ಟ್ರೇ ಒಂದಿದೆ, ಆರು ಪೌಂಡು. ಇದು ಬೇರೆಯವರ ಖಾಯಂ ಆರ್ಡರು. ಹನ್ನೊಂದು ವರ್ಷದಿಂದ."

"ಯಾರವರು? ಕಾಲು ಹಿಡ್ಕೋತೀನಿ, ಕೇಳಿ ನೋಡು."

"ಹೆಸರು ಹೇಳೋ ಹಾಗಿಲ್ಲ. ಮಾತು ಕೊಟ್ಟಿದೀನಿ."

ಅಷ್ಟರಲ್ಲಿ ವೆಂಡೆಲ್‌ನ ಪಕ್ಕದಿಂದ ಕೌಂಟರಿನ ಮೇಲೆ ಠಣ್ಣನೆ ಒಂದು ಬೋಗುಣಿ ಬಂದು ಕೂತಿತು. ನೀಲಿ ಎನಾಮಲ್ಲು. ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿದ್ದು. ಮೂವತ್ತೊಂದು ವರ್ಷದಿಂದ ಕಂಡ ಚಕ್ಕೆ! ವೆಂಡೆಲ್ ಮೆಲ್ಲಗೆ ಕತ್ತು ತಿರುಗಿಸಿದ. ಟೋಪಿ, ಕಪ್ಪು ಕನ್ನಡಕ, ಕತ್ತಿನವರೆಗೆ ಜಿಪ್ ಹಾಕಿದ ಮಳೆಕೋಟು. ಇಷ್ಟೆಲ್ಲ ಮುಚ್ಚಿಕೊಂಡಿದ್ದವನು ಮೀಸೆ ಮುಚ್ಚಿಕೊಳ್ಳುವುದನ್ನ ಮರೆತಿದ್ದ.

"ಭಾವ?"

"ನಾನಲ್ಲ," ಅಂದಿತು ಮೀಸೆ.

"ಭಾವ, ಗಾಜಿನ ಪೆಟ್ಟಿಗೇಲಿ ಮಲಗಿರೋದನ್ನ ನೀವು ಹೆಣ ಅಂತೀರಲ್ವಾ?"

ಕವಿಕಾ ಕನ್ನಡಕ ತೆಗೆದ. ಅಷ್ಟು ದೊಡ್ಡ ಆಳು, ಬೋಗುಣಿಯ ಅಂಚನ್ನ ಬೆರಳಿಂದ ಉಜ್ಜುತ್ತ ನಿಂತ. "ಅಪ್ಪ ಹೋದ ಮೇಲೆ ಒಬ್ನೇ ದೋಣಿ ತಗೊಂಡು ಹೋದೆ ಕಣೋ. ದಡ ಬಿಟ್ಟು ಹತ್ತು ನಿಮಿಷ, ಹೊಟ್ಟೆ ತೊಳಸೋಕೆ ಶುರುವಾಯ್ತು. ಅಪ್ಪ ಜೊತೇಲಿದ್ದಾಗ ಒಂದಿನಾನೂ ಆಗಿರಲಿಲ್ಲ. ಆಮೇಲೆ ಎಷ್ಟು ಸಲ ಹೋದ್ರೂ ಅದೇ ಕಥೆ. ಅಮ್ಮನಿಗೆ ಹೇಳೋಕೆ ಬಾಯಿ ಬರಲಿಲ್ಲ. ಮೀನುಗಾರನ ಮಗ ದೋಣೀಲಿ ವಾಂತಿ ಮಾಡ್ಕೋತಾನೆ ಅಂತ ಹೆಂಗೆ ಹೇಳಲಿ?"

ವೆಂಡೆಲ್ ಒಂದು ವಾರದಿಂದ ಈ ಮನುಷ್ಯನನ್ನ ಸೋಲಿಸುವ ಕನಸು ಕಂಡವನು. ಈಗ ಒಂದೇ ಮಾತಲ್ಲಿ ಹೊಡೆದು ಮಲಗಿಸಬಹುದಿತ್ತು. ಆದರೆ ಆ ಮೀಸೆ ಜೋತುಬಿದ್ದಿದ್ದನ್ನ ನೋಡಿ ಅವನಿಗೆ ಪಾಪ ಅನಿಸಿಬಿಟ್ಟಿತು. ಸತ್ಯವಾಗಿಯೂ ಅನಿಸಿತು. ತನ್ನ ಬಾಣಲೆಯ ಕಥೆಯನ್ನ ತಾನೂ ಹೇಳಿದ. ಕವಿಕಾ ಕೇಳುತ್ತ ಕೇಳುತ್ತ ಕೌಂಟರಿಗೆ ಒರಗಿ, ಹೊಟ್ಟೆ ಹಿಡಿದು, ಕೊನೆಗೆ ಟೋಪಿಯಿಂದ ಕಣ್ಣು ಒರೆಸಿಕೊಂಡ.

"ಅರ್ಧರ್ಧ?" ಅಂದ ಕವಿಕಾ.

"ಅರ್ಧರ್ಧ."

"ಆದ್ರೆ ಬಾಯಿ?"

"ಬೀಗ. ಮೋಮಿಗೂ ಹೇಳಲ್ಲ."

ಡೋರೀನ್ ತಕ್ಕಡಿ ತಂದಳು. ವೆಂಡೆಲ್ ತಾನೇ ಕೈಯಾರೆ, ಒಂದೇ ಟ್ರೇಯಿಂದ, ಒಂದು ಚಮಚ ನೀಲಿ ಬೋಗುಣಿಗೆ, ಒಂದು ಚಮಚ ತನ್ನ ಪ್ಲಾಸ್ಟಿಕ್ ಡಬ್ಬಿಗೆ ಹಂಚಿದ. ಮೂರು ಪೌಂಡು ಇಲ್ಲಿ, ಮೂರು ಪೌಂಡು ಅಲ್ಲಿ. ಎಳ್ಳಷ್ಟೂ ವ್ಯತ್ಯಾಸವಿಲ್ಲ. "ಇಬ್ರು ಗಂಡಸರೂ ದೊಡ್ಡವರಾಗಿದೀರಿ ಅಂತ ಅಂದ್ಕೊಂಡಿದ್ದೆ," ಅಂದಳು ಡೋರೀನ್.

ಹನ್ನೆರಡಕ್ಕೆ ಗ್ಯಾರೇಜು ತುಂಬಿತ್ತು. ಹುರಿದ ಮೀನಂತೂ ಬಂದವರು ಬಂದ ಹಾಗೆ ಬಾಣಲೆಯಿಂದಲೇ ಬಾಚಿ ಮುಗಿಸಿದ್ದರು. ಕವಿಕಾ ಎಂದಿನಂತೆ ಬೋಗುಣಿ ಎತ್ತಿ ಹಿಡಿದು ಬಂದ. "ಏನು ಮೀನು ಅಂತೀರಾ, ಎರಡು ಗಂಟೆ ಜಗ್ಗಾಡಿಸ್ತು!" ಅಂತ ಯಾರಿಗೋ ಹೇಳಿ, ವೆಂಡೆಲ್‌ನ ಕಣ್ಣು ತಪ್ಪಿಸಿದ. ಎರಡೂ ಪಾತ್ರೆಗಳನ್ನ ಟೂಟೂ ಮುಂದೆ ಇಟ್ಟರು. ಮಂಜುಗಡ್ಡೆಯೋ ಬಡ್ತಿಯೋ, ಇನ್ನೊಂದು ಚಮಚದಲ್ಲಿ ತೀರ್ಮಾನವಾಗುತ್ತಿತ್ತು. ಒಂದೇ ಮೀನು, ಒಂದೇ ಕೈ. ಕಡೇಪಕ್ಷ ಸರಿಸಮ ಅಂತಾದರೂ ಅನ್ನಲೇಬೇಕಲ್ಲ! ವೆಂಡೆಲ್ ಸಮಾಧಾನದಿಂದ ಕೈ ಕಟ್ಟಿ ನಿಂತ.

ಟೂಟೂ ಚಮಚ ಎತ್ತಿದಳು. ಹಾಗೇ ನಿಲ್ಲಿಸಿದಳು. "ಇದ್ರಲ್ಲಿ ಯಾವುದು ಯಾರದು? ಮೊದ್ಲು ಅದನ್ನ ಹೇಳಿ, ಆಮೇಲೆ ರುಚಿ ಹೇಳ್ತೀನಿ."

ಹೇಳಿದರು.

ಬೋಗುಣಿಯದು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. "ಆಹಾ! ಇದು ಮೀನು. ಇದ್ರಲ್ಲಿ ಸಮುದ್ರ ಇದೆ. ನಿಮ್ಮಪ್ಪನ ಕೈ ಇದೆ." ಆಮೇಲೆ ಡಬ್ಬಿಯದು. ಎರಡು ಸಲ ಅಗಿದು ಮೂಗು ಮುರಿದಳು. "ಪರವಾಗಿಲ್ಲ. ಆದ್ರೆ ಫ್ರಿಜ್ಜಿನ ವಾಸನೆ."

"ಅಂಗಡೀದು ಅಂಗಡೀದೇ," ಅಂದ ಹಂದಿ ತಂದಿದ್ದ ಅಳಿಯ.

"ನಾಲಿಗೆಗೆ ಇಟ್ಟ ತಕ್ಷಣ ಗೊತ್ತಾಯ್ತು ನನಗೆ," ಅಂದ ನೂಡಲ್ಸಿನ ಅಳಿಯ. ಅವನಿನ್ನೂ ತಿಂದೇ ಇರಲಿಲ್ಲ!

ವೆಂಡೆಲ್‌ನ ಬಾಯೊಳಗೆ ಸತ್ಯ ಕುದಿಯುತ್ತಿತ್ತು. ತುಟಿ ಕಚ್ಚಿ ನಿಂತ. ಕವಿಕಾನಿಗೆ ತಡೆಯಲಾಗಲಿಲ್ಲ. ಮುಂದೆ ಬಂದು ಡಬ್ಬಿಯಿಂದ ದೊಡ್ಡ ಚಮಚ ತೆಗೆದು ತಿಂದು, ಎಲ್ಲರಿಗೂ ಕೇಳುವ ಹಾಗೆ, "ಅಮ್ಮ, ತಪ್ಪು! ವೆಂಡೆಲ್‌ದು ನನ್ನದಕ್ಕಿಂತ ಒಂಚೂರೂ ಕಮ್ಮಿ ಇಲ್ಲ. ಆಣೆ ಮಾಡಿ ಹೇಳ್ತೀನಿ, ಎರಡೂ ಒಂದೇ!" ಅಂದ.

ಗ್ಯಾರೇಜಿಗೆ ಗ್ಯಾರೇಜೇ ಕರಗಿಹೋಯಿತು. "ನೋಡಿ, ನೋಡಿ ಅವನ ದೊಡ್ಡ ಗುಣ!" ಅಂದಳು ಟೂಟೂ ಕಣ್ಣೊರೆಸಿಕೊಂಡು. "ಗೆದ್ದೂ ಸೋತವನ ಮಾನ ಕಾಪಾಡ್ತಾನೆ! ಹೂಂ, ವೆಂಡೆಲ್, ಬೇಜಾರು ಮಾಡ್ಕೋಬೇಡಪ್ಪ. ಮಂಜುಗಡ್ಡೆ ಇಲ್ದೆ ಪಾರ್ಟಿ ನಡೆಯುತ್ತಾ?" ಜನ ಚಪ್ಪಾಳೆ ತಟ್ಟಿದರು. ಕವಿಕಾ ನೆಲ ನೋಡುತ್ತ ನಿಂತ.

ಎಲ್ಲರೂ ಕೇಕಿನ ಕಡೆ ಹೋದ ಮೇಲೆ ವೆಂಡೆಲ್ ಒಬ್ಬನೇ ಮೇಜಿನ ಹತ್ತಿರ ಉಳಿದ. ಒಂದು ವಾರ ಐದು ಅಂಗಡಿ ಅಳೆದ ನಾಲಿಗೆ ಅದು. ಜಗತ್ತಿಗೆ ಗೊತ್ತಾಗದಿದ್ದರೂ ತನಗಾದರೂ ಗೊತ್ತಾಗಲಿ ಅಂತ ಚಮಚ ತೆಗೆದುಕೊಂಡ. ಮೊದಲು ಡಬ್ಬಿಯದನ್ನ ತಿಂದ. ಚೆನ್ನಾಗಿತ್ತು. ಆಮೇಲೆ ನೀಲಿ ಬೋಗುಣಿಯದು. ಹುಬ್ಬು ಗಂಟಿಕ್ಕಿದ. ಮತ್ತೆ ಡಬ್ಬಿಯದು. ಮತ್ತೆ ಬೋಗುಣಿಯದು, ಈ ಸಲ ಎರಡು ಚಮಚ.

ಮೋಮಿ ಬಂದು ಪಕ್ಕದಲ್ಲಿ ನಿಂತು ಅವನ ಹೆಗಲ ಮೇಲೆ ಕೈ ಹಾಕಿದಳು. "ಬೇಜಾರಾಯ್ತಾ? ಹೋಗ್ಲಿ ಬಿಡು. ನೀನೇ ಹೇಳು, ನನ್ನಾಣೆ, ಯಾವುದು ಚೆನ್ನಾಗಿದೆ?"

ವೆಂಡೆಲ್ ಅತ್ತಿತ್ತ ನೋಡಿದ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಬೋಗುಣಿಯನ್ನ ತನ್ನ ಕಡೆ ಎಳೆದುಕೊಂಡ.

"ಸುಳ್ಳು ಹೇಳಬಾರದು ಕಣೆ. ನಿಮ್ಮಣ್ಣನದೇ ಒಂದು ಕೈ ಮೇಲು."